ಬೋರ್ಡ್ ಅದೇ, ದೂರ ಅದೇ, ಚಾಂಪಿಯನ್ ಮಾತ್ರ ಯಾಕೆ ಬೀಳುತ್ತಾನೆ?

ಪ್ರಶ್ನೆ: ಲ್ಯೂಕ್ ಲಿಟ್ಲರ್ ಎಂಬ ಹುಡುಗನ ಆಟ ನೋಡಿದ ಮೇಲೆ ನನಗೂ ಡಾರ್ಟ್ಸ್ ಹುಚ್ಚು ಹಿಡಿದಿದೆ. ಒಂದು ಮಾತ್ರ ತಲೆಗೆ ಹೋಗುತ್ತಿಲ್ಲ. ಕ್ರಿಕೆಟ್‌ನಲ್ಲಿ ಪಿಚ್ ಬದಲಾಗುತ್ತದೆ, ಬೌಲರ್ ಬದಲಾಗುತ್ತಾನೆ. ಇಲ್ಲಿ ಬೋರ್ಡ್ ಅದೇ, ದೂರ ಅದೇ, ಎದುರಾಳಿ ಬಂದು ಕೈ ಹಿಡಿಯುವುದೂ ಇಲ್ಲ. ಹಾಗಿದ್ದರೂ ದೊಡ್ಡ ಪ್ರಶಸ್ತಿ ಗೆದ್ದವರು ಒಂದೆರಡು ವರ್ಷದಲ್ಲಿ ಹೇಳಹೆಸರಿಲ್ಲದಂತೆ ಆಗುತ್ತಾರೆ. ನಿವೃತ್ತಿ ಅಂದವರು ಮತ್ತೆ ಬಂದು ಆಡುತ್ತಾರೆ. ಯಾಕೆ ಹೀಗೆ? ಈ ಆಟ ನಂಬಿಕೊಂಡು ಬದುಕೋಕೆ ಆಗುತ್ತಾ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಎಲ್ಲವೂ ಅದೇ ಇರುವುದೇ ಇಲ್ಲಿ ದೊಡ್ಡ ತೊಂದರೆ. ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದರೆ ಬಾಲ್ ತಿರುಗಿತು ಅನ್ನಬಹುದು, ಬೆಳಕು ಕಡಿಮೆ ಇತ್ತು ಅನ್ನಬಹುದು. ಡಾರ್ಟ್ಸ್ ಆಡುವವರಿಗೆ ಅಂಥ ನೆಪ ಒಂದೂ ಸಿಗುವುದಿಲ್ಲ. ತಪ್ಪಿದ್ದು ತನ್ನ ಕೈ ಅಂತ ಅವರಿಗೂ ಗೊತ್ತು, ಎದುರು ಕೂತ ಸಾವಿರಾರು ಜನಕ್ಕೂ ಗೊತ್ತು. ಉಳಿದರ್ಧ ಉತ್ತರ ರ್ಯಾಂಕಿಂಗ್ ಲೆಕ್ಕದಲ್ಲಿದೆ. ಆಟಗಾರನ ಕೈ ಕೆಡುವ ಕಾಲ ಒಂದು, ಅವನ ರ್ಯಾಂಕ್ ಕುಸಿಯುವ ಕಾಲ ಇನ್ನೊಂದು. ನಮಗೆ ಟಿವಿಯಲ್ಲಿ ಕಾಣುವುದು ಎರಡನೆಯದು. ಅದಕ್ಕೇ ಎಲ್ಲ ಇದ್ದಕ್ಕಿದ್ದಂತೆ ಆದ ಹಾಗೆ ಅನಿಸುತ್ತದೆ.

ಮೊದಲು ಅಳತೆ ನೋಡೋಣ. ನಿಲ್ಲುವ ಗೆರೆಯಿಂದ ಬೋರ್ಡಿಗೆ 2.37 ಮೀಟರ್. ನಡುವಿನ ಬುಲ್ ನೆಲದಿಂದ 1.73 ಮೀಟರ್ ಎತ್ತರದಲ್ಲಿರುತ್ತದೆ. ಎಲ್ಲರೂ ಗುರಿಯಿಡುವ ಟ್ರಿಬಲ್ 20ರ ಪಟ್ಟಿಯ ದಪ್ಪ ಸುಮಾರು 8 ಮಿಲಿಮೀಟರ್. ಬಿದ್ದರೆ 60 ಅಂಕ. ಸ್ವಲ್ಪ ಮೇಲೆ ಅಥವಾ ಕೆಳಗೆ ಹೋದರೆ 20 ಸಿಗುತ್ತದೆ, ಪರವಾಗಿಲ್ಲ. ಅಕ್ಕಪಕ್ಕ ಸರಿದರೆ ಒಂದು ಕಡೆ 5, ಇನ್ನೊಂದು ಕಡೆ 1. ಬೋರ್ಡ್ ಮಾಡಿದವರು ಬೇಕಂತಲೇ ದೊಡ್ಡ ಅಂಕದ ಪಕ್ಕ ಸಣ್ಣ ಅಂಕ ಇಟ್ಟಿದ್ದಾರೆ. ಲೆಗ್ (ಅಂದರೆ ಒಂದು ಸುತ್ತಿನ ಆಟ) ಮುಗಿಸಲು ಹೊಡೆಯಬೇಕಾದ ಡಬಲ್, ಅಂದರೆ ಅಂಕ ಇಮ್ಮಡಿಯಾಗುವ ಪಟ್ಟಿ, ಇನ್ನೂ ಕಷ್ಟ. ಅದರ ದಪ್ಪವೂ ಅಷ್ಟೇ, ಆದರೆ ಅದು ಬೋರ್ಡಿನ ಅಂಚಿನಲ್ಲಿದೆ. ಹೊರಗೆ ಸರಿದರೆ ಏನೂ ಸಿಗುವುದಿಲ್ಲ.

ಈಗ ಆವರೇಜ್ ಲೆಕ್ಕ. ಪ್ರತಿ ಲೆಗ್ 501ರಿಂದ ಶುರುವಾಗಿ ಸೊನ್ನೆಗೆ ಇಳಿಯಬೇಕು, ಕೊನೆಯ ಡಾರ್ಟ್ ಡಬಲ್‌ಗೆ ಬೀಳಬೇಕು. ಮೂರು ಡಾರ್ಟಿಗೆ 100ರ ಆವರೇಜ್ ಇರುವವರು ಒಂದು ಲೆಗ್ ಮುಗಿಸಲು ಸುಮಾರು 15 ಡಾರ್ಟ್ ತೆಗೆದುಕೊಳ್ಳುತ್ತಾರೆ. 90ರ ಆವರೇಜ್ ಇರುವವರಿಗೆ 17ರ ಹತ್ತಿರ ಬೇಕು. ಬರೀ ಎರಡು ಡಾರ್ಟ್ ವ್ಯತ್ಯಾಸ ಅಲ್ವಾ? ಆದರೆ ಒಂದು ಸರದಿಗೆ ಮೂರೇ ಡಾರ್ಟ್. 15 ಅಂದರೆ ಐದು ಸರದಿ. 16ನೇ ಡಾರ್ಟ್ ಬೇಕಾದರೆ ಆರನೇ ಸರದಿ ಬರಬೇಕು. ಎದುರಿಗಿರುವವರು ಐದರಲ್ಲೇ ಮುಗಿಸಿದರೆ ಆ ಆರನೇ ಸರದಿ ಬರುವುದೇ ಇಲ್ಲ. ಚೆನ್ನಾಗಿ ಆಡಿಯೂ ಒಂದು ಡಬಲ್‌ಗೆ ಕೈ ಎತ್ತುವ ಅವಕಾಶವಿಲ್ಲದೆ ಮನೆಗೆ ಹೋಗಬೇಕಾಗುತ್ತದೆ. ದೊಡ್ಡ ಆಟಗಾರ 'ಬಿದ್ದ' ಅಂತ ನಾವು ಹೇಳುವಾಗ ಎಷ್ಟೋ ಸಲ ಬಿದ್ದಿರುವುದು ಇಷ್ಟೇ.

ಏರಿಳಿತ ಅಂದರೆ ಏನು ಅಂತ ಒಬ್ಬರ ಜೀವನದಲ್ಲೇ ನೋಡಬೇಕಾದರೆ ನಾನು ರೇಮಂಡ್ ವಾನ್ ಬಾರ್ನವೆಲ್ಡ್ ಅವರನ್ನು ಆರಿಸಿಕೊಳ್ಳುತ್ತೇನೆ. ಹುಟ್ಟಿದ್ದು 1967ರಲ್ಲಿ, ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ. ಕೆಲಸ ಪೋಸ್ಟ್‌ಮ್ಯಾನ್. ಆಗ ಈ ಆಟ ಬಹುಪಾಲು ಇಂಗ್ಲೆಂಡಿನ ಪಬ್ಬುಗಳದ್ದು. 1995ರಲ್ಲಿ ಇಂಗ್ಲೆಂಡಿನ ಲೇಕ್‌ಸೈಡ್‌ನಲ್ಲಿ ಬಿಡಿಒ ಎಂಬ ಹಳೆಯ ಸಂಸ್ಥೆ ನಡೆಸಿದ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ತಲುಪಿದರು, ವೇಲ್ಸ್‌ನ ರಿಚಿ ಬರ್ನೆಟ್ ಎದುರು ಸೋತರು. ಮೂರು ವರ್ಷ ಬಿಟ್ಟು ಅದೇ ಜಾಗ, ಅದೇ ಬರ್ನೆಟ್, ಮತ್ತೆ ಫೈನಲ್. ಈ ಸಲ 6-5 ಸೆಟ್‌ಗಳಿಂದ ಗೆದ್ದರು (ಕೆಲವು ಲೆಗ್ ಸೇರಿದರೆ ಒಂದು ಸೆಟ್). 1999ರಲ್ಲಿ ರಾನಿ ಬ್ಯಾಕ್ಸ್‌ಟರ್ ಎದುರು ಮತ್ತೆ 6-5. ಎರಡು ವಿಶ್ವ ಪ್ರಶಸ್ತಿ, ಎರಡೂ ಕೊನೇ ಸೆಟ್‌ನಲ್ಲಿ ಬಂದದ್ದು. ಡಚ್ಚರ ಮನೆ ಮನೆಗೂ ಡಾರ್ಟ್ಸ್ ಹೋಗಿದ್ದು ಇವರಿಂದ. ಇವತ್ತು ಆ ಸಣ್ಣ ದೇಶದಿಂದ ಅಷ್ಟೊಂದು ಜನ ಟೂರ್‌ನಲ್ಲಿ ಆಡುತ್ತಿದ್ದಾರೆ ಅಂದರೆ ಬೇರು ಅಲ್ಲಿದೆ. 2003 ಮತ್ತು 2005ರಲ್ಲಿ ಇನ್ನೆರಡು ಪ್ರಶಸ್ತಿ ಸೇರಿ ಒಟ್ಟು ನಾಲ್ಕಾಯಿತು.

ನಾಲ್ಕು ಗೆದ್ದರೂ ಒಂದು ಕೊಂಕು ಮಾತು ಬೆನ್ನು ಬಿಡಲಿಲ್ಲ. ಈ ಆಟ 1993ರಲ್ಲಿ ಎರಡು ಹೋಳಾಗಿತ್ತು. ಒಳ್ಳೆಯ ಆಟಗಾರರ ಒಂದು ಗುಂಪು ಹಳೆಯ ಬಿಡಿಒ ಬಿಟ್ಟು ಹೊರಬಂದಿತ್ತು. ಅದೇ ಮುಂದೆ ಪಿಡಿಸಿ ಆಯಿತು. ಫಿಲ್ ಟೇಲರ್ ಆ ಕಡೆ ಇದ್ದರು. ಒಟ್ಟು 16 ವಿಶ್ವ ಪ್ರಶಸ್ತಿ ಗೆದ್ದ ಮನುಷ್ಯ. ಟೇಲರ್ ಇಲ್ಲದ ಕಡೆ ಗೆದ್ದು ಏನು ಪ್ರಯೋಜನ ಅನ್ನುವ ಮಾತು ಬಾರ್ನವೆಲ್ಡ್ ಅವರಿಗೆ ತಾಗದೇ ಇರುತ್ತದೆಯೇ? 2006ರ ಜನವರಿಯಲ್ಲಿ ಲೇಕ್‌ಸೈಡ್ ಫೈನಲ್‌ನಲ್ಲಿ ತಮ್ಮದೇ ದೇಶದ 21 ವರ್ಷದ ಯೆಲ್ಲೆ ಕ್ಲಾಸನ್ ಎದುರು ಸೋತರು. ಮುಂದಿನ ತಿಂಗಳೇ ಪಿಡಿಸಿಗೆ ಹೋದರು. ಮುಂದಿನ ವರ್ಷವೂ ಲೇಕ್‌ಸೈಡ್‌ನಲ್ಲಿ ನೆಮ್ಮದಿಯಾಗಿ ಮೊದಲ ಸಾಲಿನಲ್ಲಿ ಇರಬಹುದಿತ್ತು. ಸೋತ ಬೆನ್ನಲ್ಲೇ ಇನ್ನೂ ಕಷ್ಟದ ಕಡೆಗೆ ಹೋಗಲು ಗುಂಡಿಗೆ ಬೇಕು.

2007ರ ಜನವರಿ 1, ಪರ್ಫ್ಲೀಟ್ ಊರಿನ ಸರ್ಕಸ್ ಟ್ಯಾವರ್ನ್. ಪಿಡಿಸಿ ವಿಶ್ವ ಫೈನಲ್, ಎದುರಿಗೆ ಟೇಲರ್. ಮೊದಲ ಮೂರು ಸೆಟ್ ಟೇಲರ್ ಪಾಲು. ಅಲ್ಲಿಗೆ ಟಿವಿ ಆಫ್ ಮಾಡಿದವರು ಬಹಳ ಜನ ಇರಬೇಕು. ಬಾರ್ನವೆಲ್ಡ್ ಒಂದೊಂದೇ ಸೆಟ್ ವಾಪಸ್ ತಂದರು. ಆರು ಆರು ಸಮವಾಯಿತು. ಕೊನೆಯ ಸೆಟ್ ಕೂಡ ಎಳೆದುಕೊಂಡು ಹೋಗಿ ಒಂದೇ ಒಂದು ಲೆಗ್‌ಗೆ ಬಂದು ನಿಂತಿತು. ಅಂಥ ಲೆಗ್‌ನಲ್ಲಿ ಮೊದಲು ಎಸೆಯುವವರು ಯಾರು ಅಂತ ಆಗ ಬುಲ್‌ಗೆ ಹೊಡೆದು ತೀರ್ಮಾನ ಮಾಡುತ್ತಿದ್ದರು. ಒಂದು ಡಾರ್ಟ್, ನಡುವಿಗೆ ಹತ್ತಿರ ಯಾರದ್ದೋ ಅವರದ್ದು ಮೊದಲ ಸರದಿ. ಅದನ್ನು ಬಾರ್ನವೆಲ್ಡ್ ಗೆದ್ದರು, ಆಮೇಲೆ ಲೆಗ್ ಗೆದ್ದರು, 7-6. ಇಡೀ ರಾತ್ರಿಯ ಆಟ ಆ ಬುಲ್‌ನ ಒಂದು ಡಾರ್ಟಿನ ಮೇಲೆ ನಿಂತಿತ್ತು. ಅದು ಒಂದು ಬೆರಳು ಅತ್ತ ಸರಿದಿದ್ದರೆ ನಾವು ಇವತ್ತು ಅವರ ಬಗ್ಗೆ ಬೇರೆಯದೇ ಥರ ಮಾತಾಡುತ್ತಿದ್ದೆವು. ಆದರೆ ಆಟಗಾರ ಅದೇ ಆಟಗಾರ ಅಲ್ವಾ?

ಆಮೇಲೆ ಅವರು ಮತ್ತೆ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ಇಷ್ಟು ಓದಿದರೆ ಇಳಿಮುಖ ಶುರುವಾಯಿತು ಅನಿಸುತ್ತದೆ. ಆದರೆ 2009ರಲ್ಲೂ 2010ರಲ್ಲೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬರೀ ಒಂಬತ್ತು ಡಾರ್ಟಿನಲ್ಲಿ ಲೆಗ್ ಮುಗಿಸಿದರು. ಅದಕ್ಕಿಂತ ಕಡಿಮೆಯಲ್ಲಿ 501 ಮುಗಿಸಲು ಲೆಕ್ಕದಲ್ಲೇ ಸಾಧ್ಯವಿಲ್ಲ. 2012ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಎಂಬ ದೊಡ್ಡ ಡಾರ್ಟ್ಸ್ ಟೂರ್ನಿ ಗೆದ್ದರು, ಫೈನಲ್‌ನಲ್ಲಿ ಮೈಕೆಲ್ ವಾನ್ ಗರ್ವೆನ್ ಎದುರು 16-14. 2014ರಲ್ಲಿ ಪ್ರೀಮಿಯರ್ ಲೀಗ್ ಫೈನಲ್‌ನಲ್ಲೂ ಅದೇ ಗರ್ವೆನ್ ಅವರನ್ನು 10-6ರಿಂದ ಸೋಲಿಸಿದರು. ಆಗ ಅವರಿಗೆ 47. ನನ್ನ ಪ್ರಕಾರ ಆ ವರ್ಷಗಳಲ್ಲಿ ಬಾರ್ನವೆಲ್ಡ್ ಇಳಿದದ್ದು ಕಡಿಮೆ, ಸುತ್ತಲಿನವರು ಏರಿದ್ದು ಜಾಸ್ತಿ. 1998ರಲ್ಲಿ ಎಲ್ಲರನ್ನೂ ನಡುಗಿಸುತ್ತಿದ್ದ ಆವರೇಜ್ 2015ರ ಹೊತ್ತಿಗೆ ಸಾಧಾರಣ ಪಂದ್ಯದ ಆವರೇಜ್ ಆಗಿತ್ತು. ಚಿಕ್ಕ ವಯಸ್ಸಿನಿಂದಲೇ ಅಕಾಡೆಮಿಗಳಲ್ಲಿ ದಿನಕ್ಕೆ ಗಂಟೆಗಟ್ಟಲೆ ಎಸೆದು ಬಂದ ಹುಡುಗರು ಎದುರಿಗೆ ನಿಂತಿದ್ದರು. ಮೇಲಿಂದ ಮಧುಮೇಹ. ಊರೂರು ಸುತ್ತುವುದು, ಹೋಟೆಲ್ ಊಟ, ರಾತ್ರಿ ಹನ್ನೊಂದಕ್ಕೆ ಪಂದ್ಯ. ಈ ದಿನಚರಿ ಸಕ್ಕರೆ ಕಾಯಿಲೆಗೆ ಹೇಗೆ ಹೊಂದುತ್ತದೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2018ರ ಕೊನೆಯಲ್ಲಿ ಅವರು ಇನ್ನೊಂದು ವರ್ಷ ಆಡಿ ನಿಲ್ಲಿಸುತ್ತೇನೆ ಅಂದರು. ಬೀಳ್ಕೊಡುಗೆಯ ವರ್ಷ ಸುಖವಾಗಿರಬೇಕಿತ್ತು, ಆಗಲಿಲ್ಲ. 2019ರ ಮಾರ್ಚ್‌ನಲ್ಲಿ ರಾಟರ್‌ಡ್ಯಾಮ್‌ನಲ್ಲಿ, ತಮ್ಮ ಜನರ ಮುಂದೆಯೇ, ಗರ್ವೆನ್ ಎದುರು 7-1ರಿಂದ ಸೋತು ಪ್ರೀಮಿಯರ್ ಲೀಗ್‌ನಿಂದ ಹೊರಬಿದ್ದರು. ಅಂದು ರಾತ್ರಿಯೇ, ಇವತ್ತಿಗೇ ಮುಗಿಯಿತು ಅಂದರು. ಮಾರನೇ ದಿನ ಆ ಮಾತು ವಾಪಸ್ ತೆಗೆದುಕೊಂಡರು. ಆಗ ನಕ್ಕವರು ಬಹಳ. ನನಗೆ ಅದರಲ್ಲಿ ನಗುವಂಥದ್ದು ಕಾಣಲಿಲ್ಲ. ಸೋತು ಅರ್ಧ ಗಂಟೆಯೊಳಗೆ ಮೈಕ್ ಮುಂದೆ ನಿಲ್ಲಿಸಿದರೆ ಯಾರ ಬಾಯಲ್ಲಿ ಏನು ಬರುತ್ತದೋ ಹೇಳಲಾಗದು. ಆ ಡಿಸೆಂಬರ್‌ನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಕೊನೆಯ ವಿಶ್ವ ಚಾಂಪಿಯನ್‌ಷಿಪ್. ಮೊದಲ ಸುತ್ತಿನಲ್ಲೇ ಅಮೆರಿಕದ ಡ್ಯಾರಿನ್ ಯಂಗ್ ಎದುರು 3-1ರಿಂದ ಸೋತರು. ಐದು ವಿಶ್ವ ಪ್ರಶಸ್ತಿ ಗೆದ್ದವರ ವಿದಾಯ ಹಾಗೆ ಮುಗಿಯಿತು. ಅಥವಾ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬರುತ್ತೇನೆ ಅಂದರು. ಬರುವುದು ಸುಲಭವಲ್ಲ. ಇಲ್ಲಿ ಹಳೆಯ ಹೆಸರಿಗೆ ರಿಯಾಯಿತಿ ಇಲ್ಲ. ಪಿಡಿಸಿ ಟೂರ್‌ನಲ್ಲಿ ಆಡಲು ಟೂರ್ ಕಾರ್ಡ್ ಬೇಕು. ಒಟ್ಟು 128 ಜನಕ್ಕೆ ಮಾತ್ರ ಅದು ಇರುತ್ತದೆ. ಒಮ್ಮೆ ಸಿಕ್ಕರೆ ಎರಡು ವರ್ಷ. ರ್ಯಾಂಕಿಂಗ್‌ನ ಮೊದಲ 64ರಲ್ಲಿ ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಅವಧಿ ಮುಗಿದ ಮೇಲೆ ಹೋಗುತ್ತದೆ. ಹೋದರೆ ಕ್ಯೂ ಸ್ಕೂಲ್. ವರ್ಷದ ಆರಂಭದಲ್ಲಿ ನಡೆಯುವ ಅರ್ಹತಾ ಪಂದ್ಯಗಳಿಗೆ ಹಾಗೆ ಕರೆಯುತ್ತಾರೆ. ಅಲ್ಲಿ ನೂರಾರು ಜನ ಬರುತ್ತಾರೆ. ಹಗಲು ಬೇರೆ ಕೆಲಸ ಮಾಡುವವರು, ಹದಿನೆಂಟರ ಹುಡುಗರು, ಕಾರ್ಡ್ ಕಳೆದುಕೊಂಡ ಹಳಬರು. ಬೋರ್ಡುಗಳು ಸಾಲಾಗಿ ಇರುತ್ತವೆ, ವೇದಿಕೆ ಇಲ್ಲ, ಹಾಡು ಹಾಕಿ ಕರೆತರುವವರಿಲ್ಲ. 53 ವರ್ಷದ ಬಾರ್ನವೆಲ್ಡ್ 2021ರ ಫೆಬ್ರವರಿಯಲ್ಲಿ ಆ ಸಾಲಿನಲ್ಲಿ ನಿಂತು ಕಾರ್ಡ್ ಗೆದ್ದರು. ಅದೇ ತಿಂಗಳ ಕೊನೆಯಲ್ಲಿ ಬೋಲ್ಟನ್‌ನಲ್ಲಿ ನಡೆದ ಒಂದು ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದೇಬಿಟ್ಟರು. ಫೈನಲ್‌ನಲ್ಲಿ ಜೋ ಕಲನ್ ಎದುರು 8-6. ಕೋವಿಡ್ ಕಾಲ, ಪ್ರೇಕ್ಷಕರಿಲ್ಲ. ಬಹುಮಾನ 10,000 ಪೌಂಡ್. ಲೆಕ್ಕಕ್ಕೆ ಅದು ಸಣ್ಣ ಟೂರ್ನಿ. ಅವರು ಕಣ್ಣೀರು ಹಾಕಿದರು.

ಇಲ್ಲಿಗೆ ನಿಂತಿದ್ದರೆ ಚೆಂದದ ಕತೆ ಆಗುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾರ್ನ್ಸ್‌ಲಿಯಲ್ಲಿ ಪಂದ್ಯದ ನಡುವೆಯೇ ತಲೆಸುತ್ತು ಬಂದು ಆಸ್ಪತ್ರೆ ಸೇರಿದರು. ಸಕ್ಕರೆ ಕಾಯಿಲೆಯ ಕಾಟ. ಒಂದು ವರ್ಷ ಕಳೆದು, 2022ರ ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಸೆಮಿಫೈನಲ್ ಆಡಿದರು. ಅಲ್ಲಿ ಅವರನ್ನು ಸೋಲಿಸಿದ ಮೈಕೆಲ್ ಸ್ಮಿತ್ ಕೊನೆಗೆ ಪ್ರಶಸ್ತಿ ಗೆದ್ದರು. ಬಾರ್ನವೆಲ್ಡ್ ಅವರಿಗೆ ಆಗ 55. ಇದನ್ನು ಏರು ಅನ್ನೋಣವೋ ಇಳಿತ ಅನ್ನೋಣವೋ ನೀವೇ ಹೇಳಿ.

ಈಗ ರ್ಯಾಂಕಿಂಗ್ ಲೆಕ್ಕಕ್ಕೆ ಬರುತ್ತೇನೆ. ಡಾರ್ಟ್ಸ್‌ನಲ್ಲಿ ರ್ಯಾಂಕಿಂಗ್ ಅಂದರೆ ಪಾಯಿಂಟ್ ಅಲ್ಲ, ದುಡ್ಡು. ಕಳೆದ ಎರಡು ವರ್ಷದಲ್ಲಿ ರ್ಯಾಂಕಿಂಗ್ ಟೂರ್ನಿಗಳಲ್ಲಿ ಗೆದ್ದ ಬಹುಮಾನದ ಮೊತ್ತವೇ ನಿಮ್ಮ ಸ್ಥಾನ. ಎರಡು ವರ್ಷ ತುಂಬಿದ ದಿನ ಆ ಮೊತ್ತ ಪಟ್ಟಿಯಿಂದ ಅಳಿಸಿಹೋಗುತ್ತದೆ. ನಮ್ಮ ಕಡೆ ಮನೆ ಭೋಗ್ಯಕ್ಕೆ ಹಾಕಿಕೊಂಡ ಹಾಗೆ: ಅವಧಿ ಇರುವವರೆಗೆ ದೊಡ್ಡ ಮನೆಯಲ್ಲಿ ಇರಬಹುದು, ಮುಗಿದ ದಿನ ಹೊಸದಾಗಿ ದುಡ್ಡು ಹೊಂದಿಸದಿದ್ದರೆ ಖಾಲಿ ಮಾಡಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ರಾಬ್ ಕ್ರಾಸ್. ಎಲೆಕ್ಟ್ರಿಷಿಯನ್ ಆಗಿದ್ದವರು. ವೃತ್ತಿಪರರಾಗಿ ಒಂದು ವರ್ಷವೂ ತುಂಬಿರಲಿಲ್ಲ, ತಮ್ಮ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಫೈನಲ್‌ಗೆ ಬಂದರು. 2018ರ ಜನವರಿ 1ರಂದು ಟೇಲರ್ ಅವರ ಕೊನೆಯ ಪಂದ್ಯ. ಅದನ್ನು ಕ್ರಾಸ್ 7-2ರಿಂದ ಗೆದ್ದರು. 4,00,000 ಪೌಂಡ್ ಸಿಕ್ಕಿತು, ರ್ಯಾಂಕಿಂಗ್‌ನಲ್ಲಿ ಒಂದೇ ರಾತ್ರಿಗೆ ಮೂರನೇ ಸ್ಥಾನಕ್ಕೆ ಹಾರಿದರು. ಆದರೆ ಆ ನಾಲ್ಕು ಲಕ್ಷಕ್ಕೆ ವಾಯಿದೆ ಇತ್ತು. 2019ರಲ್ಲಿ ವರ್ಲ್ಡ್ ಮ್ಯಾಚ್‌ಪ್ಲೇ ಗೆದ್ದರು, ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದರು. ಎಂಥ ವರ್ಷ! ಆ ಡಿಸೆಂಬರ್‌ನಲ್ಲಿ ಎರಡನೇ ಶ್ರೇಯಾಂಕದೊಂದಿಗೆ ಅಲೆಕ್ಸಾಂಡ್ರಾ ಪ್ಯಾಲೇಸ್‌ಗೆ ಬಂದು ತಮ್ಮ ಮೊದಲ ಪಂದ್ಯದಲ್ಲೇ ಬೆಲ್ಜಿಯಂನ ಕಿಮ್ ಹೈಬ್ರೆಕ್ಟ್ಸ್ ಎದುರು 3-0ಯಿಂದ ಸೋತರು. ಹಳೆಯ ಮೊತ್ತ ಅಳಿಸಿಹೋಯಿತು, ಅದರ ಜಾಗಕ್ಕೆ ಬಂದದ್ದು ಪುಡಿಗಾಸು. ಒಂದು ಕೆಟ್ಟ ಸಂಜೆ, ಎರಡು ವರ್ಷದ ಲೆಕ್ಕ ಅಡಿಮೇಲು. ಪತ್ರಿಕೆಯಲ್ಲಿ ಕುಸಿತ ಅಂತ ಬರುತ್ತದೆ. ಕೈಗೆ ಹೆಚ್ಚೇನೂ ಆಗಿರುವುದಿಲ್ಲ. 2021ರಲ್ಲಿ ಗರ್ವೆನ್ ಅವರನ್ನೇ ಸೋಲಿಸಿ ಮತ್ತೊಮ್ಮೆ ಯುರೋಪಿಯನ್ ಚಾಂಪಿಯನ್ ಆದರು.

ಕ್ರಾಸ್ ಅವರದ್ದು ಹೆಚ್ಚಾಗಿ ಲೆಕ್ಕದ ಕುಸಿತ. ಗ್ಲೆನ್ ಡರಂಟ್ ಅವರದ್ದು ಕೈಯದ್ದೇ. ನನಗೆ ಈ ಆಟದಲ್ಲಿ ಅತಿ ಬೇಸರ ತರಿಸುವ ಕತೆ ಅದು. ಮಿಡಲ್ಸ್‌ಬರೋ ಊರಿನವರು. 2017, 2018, 2019ರಲ್ಲಿ ಸತತ ಮೂರು ವರ್ಷ ಲೇಕ್‌ಸೈಡ್ ಗೆದ್ದರು. ಅಂಥದ್ದನ್ನು ಬಿಡಿಒ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರಿಗಿಂತ ಮುಂಚೆ ಮಾಡಿದ್ದು ಎರಿಕ್ ಬ್ರಿಸ್ಟೋ ಮಾತ್ರ. ನಲವತ್ತೆಂಟರ ವಯಸ್ಸಿನಲ್ಲಿ ಪಿಡಿಸಿಗೆ ಬಂದರು. ಮರುವರ್ಷ, 2020ರಲ್ಲಿ, ಮೊದಲ ಸಲ ಆಡಿದ ಪ್ರೀಮಿಯರ್ ಲೀಗ್‌ನಲ್ಲಿ ಪಟ್ಟಿಯ ಮೇಲ್ತುದಿಯಲ್ಲಿ ನಿಂತು, ಫೈನಲ್‌ನಲ್ಲಿ ನೇಥನ್ ಆಸ್ಪಿನಾಲ್ ಅವರನ್ನು 11-8ರಿಂದ ಸೋಲಿಸಿ ಕಪ್ ಎತ್ತಿದರು.

ಒಂದು ವಿಷಯ ಗಮನಿಸಿ. ಪ್ರೀಮಿಯರ್ ಲೀಗ್ ಆಹ್ವಾನಿತರ ಟೂರ್ನಿ. ಅಲ್ಲಿ ಗೆದ್ದ ದುಡ್ಡು ಬ್ಯಾಂಕಿಗೆ ಬರುತ್ತದೆ, ರ್ಯಾಂಕಿಂಗ್‌ಗೆ ಬರುವುದಿಲ್ಲ. ಅಂದರೆ ವರ್ಷದ ಅತಿ ದೊಡ್ಡ ಗೆಲುವು ಟೂರ್ ಕಾರ್ಡ್ ಉಳಿಸಿಕೊಳ್ಳಲು ಅವರಿಗೆ ಒಂದು ಪೌಂಡಿನಷ್ಟೂ ಸಹಾಯ ಮಾಡಲಿಲ್ಲ. ಮುಂದಿನ ವರ್ಷ ಕೈ ಕೆಟ್ಟಿತು. ನಡುವೆ ಕೋವಿಡ್ ಬಂದು ಹೋಗಿತ್ತು, ಆದರೆ ಅದರದ್ದೇ ತಪ್ಪು ಅಂತ ಹೇಳುವಷ್ಟು ಸರಳ ಅಲ್ಲ. 2021ರ ಪ್ರೀಮಿಯರ್ ಲೀಗ್‌ಗೆ ಹಾಲಿ ಚಾಂಪಿಯನ್ ಆಗಿ ಬಂದವರು ಒಂದು ಪಂದ್ಯವೂ ಗೆಲ್ಲದೆ ಕೊನೇ ಸ್ಥಾನದಲ್ಲಿ ಹೊರಬಿದ್ದರು. ವಾರ ವಾರ ಟಿವಿಯಲ್ಲಿ ನೋಡುವುದೇ ಹಿಂಸೆಯಾಗಿತ್ತು. ಅವರ ಎಸೆತ ಮೊದಲಿಂದಲೂ ನಿಧಾನ, ಅಳೆದು ತೂಗಿ ಎಸೆಯುವವರು. ಈಗ ಆ ನಿಧಾನದಲ್ಲಿ ಅನುಮಾನ ಸೇರಿಕೊಂಡಿತ್ತು. 2022ರಲ್ಲಿ ಆಟ ಬಿಟ್ಟರು. ಕಪ್ ಎತ್ತಿ ಎರಡು ವರ್ಷ ತುಂಬುವ ಹೊತ್ತಿಗೆ ಟೂರ್‌ನಲ್ಲೇ ಇರಲಿಲ್ಲ. ಈಗ ವೀಕ್ಷಕ ವಿವರಣೆ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ.

ಇಂಥ ಸಮಯದಲ್ಲಿ ಆಟಗಾರರು ಮಾಡುವ ಮೊದಲ ಕೆಲಸ ಡಾರ್ಟ್ ಬದಲಾಯಿಸುವುದು. ಒಂದು ಗ್ರಾಂ ಭಾರ ಜಾಸ್ತಿ, ಹಿಂದಿನ ಕಾಂಡ ಸ್ವಲ್ಪ ಉದ್ದ, ರೆಕ್ಕೆಯ ಆಕಾರ ಬೇರೆ. ಹೊಸ ಡಾರ್ಟ್ ಹಿಡಿದ ವಾರ ಚೆನ್ನಾಗಿ ಬೀಳುತ್ತದೆ, ಯಾಕೆಂದರೆ ಗಮನ ಡಾರ್ಟಿನ ಮೇಲಿರುತ್ತದೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಮೂರನೇ ವಾರಕ್ಕೆ ಹಳೆಯ ಕತೆ. ಕಂಪನಿಗಳಿಗೆ ಇದರಿಂದ ವ್ಯಾಪಾರ ಚೆನ್ನಾಗಿ ಆಗುತ್ತದೆ ಅನ್ನುವುದು ಬೇರೆ ಮಾತು.

ಇನ್ನೂ ಕೆಟ್ಟದ್ದು ಡಾರ್ಟೈಟಿಸ್. ಹೆಸರು ಕೇಳಿದರೆ ತಮಾಷೆ ಅನಿಸಬಹುದು. ಕಣ್ಣಾರೆ ನೋಡಿದರೆ ನಗು ಬರುವುದಿಲ್ಲ. ಆಟಗಾರ ಗೆರೆಗೆ ಬಂದು ನಿಲ್ಲುತ್ತಾನೆ. ಮೊಣಕೈ ಎತ್ತುತ್ತಾನೆ. ಡಾರ್ಟ್ ಹಿಂದಕ್ಕೆ ಬರುತ್ತದೆ, ಮುಂದಕ್ಕೆ ಹೋಗುತ್ತದೆ, ಬೆರಳು ಬಿಡುವುದಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕೈ ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಉಸಿರು ತೆಗೆದುಕೊಂಡು ಮತ್ತೆ ಬರುತ್ತಾನೆ. ಕೊನೆಗೆ ತಳ್ಳಿದ ಹಾಗೆ ಬಿಡುತ್ತಾನೆ, ಅದು ಎಲ್ಲೋ ಹೋಗಿ ಚುಚ್ಚುತ್ತದೆ. ಕೈಯಲ್ಲಿ ನೋವಿರುವುದಿಲ್ಲ, ಬಲ ಕಡಿಮೆಯಾಗಿರುವುದಿಲ್ಲ. ಲಕ್ಷಗಟ್ಟಲೆ ಸಲ ಯೋಚಿಸದೆ ಮಾಡಿದ ಕೆಲಸದ ನಡುವೆ ಯೋಚನೆ ನುಗ್ಗಿರುತ್ತದೆ. ಬಿಡಬೇಕು ಅಂತ ಮನಸ್ಸು ಹೇಳಿಯೇ ಬಿಡಬೇಕಾದ ಸ್ಥಿತಿ ಬಂದರೆ ಕೈ ಬಿಡುವುದಿಲ್ಲ.

ಬ್ರಿಸ್ಟೋ ಅವರಿಗೇ ಅದು ಬಂತು. 1980ರಿಂದ 1986ರ ನಡುವೆ ಐದು ವಿಶ್ವ ಪ್ರಶಸ್ತಿ ಗೆದ್ದವರು, ಆಡುವಾಗ ಕಿರುಬೆರಳು ಮೇಲೆತ್ತುತ್ತಿದ್ದವರು, ಎದುರಾಳಿಯನ್ನು ಕೆಣಕುತ್ತಿದ್ದವರು. 1986ರ ನಂತರ ಒಂದೂ ವಿಶ್ವ ಪ್ರಶಸ್ತಿ ಇಲ್ಲ. ಹಾಗಂತ ಮಾಯವಾದರು ಅಂದುಕೊಳ್ಳಬೇಡಿ. 1987, 1989, 1990, 1991ರಲ್ಲಿ ಫೈನಲ್ ಆಡಿದರು, ನಾಲ್ಕೂ ಸೋತರು. ಅದರಲ್ಲಿ 1990ರದ್ದು ವಿಶೇಷ. ಎದುರಿಗಿದ್ದವರು ಫಿಲ್ ಟೇಲರ್. ಟೇಲರ್ ಪಿಂಗಾಣಿ ಸಾಮಾನಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದವರು. ಕೆಲಸ ಬಿಟ್ಟು ಆಡು ಅಂತ ದುಡ್ಡು ಕೊಟ್ಟು ಬೆಳೆಸಿದ್ದು ಇದೇ ಬ್ರಿಸ್ಟೋ. ಫೈನಲ್‌ನಲ್ಲಿ ಶಿಷ್ಯ ಗುರುವನ್ನು 6-1ರಿಂದ ಸೋಲಿಸಿದ. ನಮ್ಮ ಕುಸ್ತಿ ಅಖಾಡಗಳಲ್ಲಿ ಹುಟ್ಟಿದವರಿಗೆ ಇದು ಹೊಸದೇನಲ್ಲ ಬಿಡಿ.

ಡಾರ್ಟೈಟಿಸ್ ವಾಸಿ ಆಗುವುದಿಲ್ಲ ಅಂತಲ್ಲ. 2017ರ ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಡಚ್ ಹುಡುಗ ಬೆರಿ ವಾನ್ ಪೀರ್ ಟಿವಿ ಕ್ಯಾಮೆರಾ ಮುಂದೆ ಕೈ ಬಾರದೆ ಅತ್ತುಬಿಟ್ಟ. ಎದುರು ಆಡುತ್ತಿದ್ದ ಗ್ಯಾರಿ ಆಂಡರ್ಸನ್ ಸಮಾಧಾನ ಹೇಳಿದರು. ಆ ಹುಡುಗ ಮುಂದೆ ಮತ್ತೆ ಟೂರ್‌ಗೆ ಬಂದ. 2024ರ ವಿಶ್ವ ಚಾಂಪಿಯನ್ ಲ್ಯೂಕ್ ಹಂಫ್ರೀಸ್ ತಮಗೆ ಕಾಡಿದ ಆತಂಕದ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಹಿಂದಿನ ತಲೆಮಾರು ಇದನ್ನೆಲ್ಲ ಒಂದು ಲೋಟ ಬಿಯರ್‌ನಲ್ಲಿ ಮುಳುಗಿಸುತ್ತಿತ್ತು. ಈಗಿನವರು ಯಾರ ಹತ್ತಿರವಾದರೂ ಮಾತಾಡುತ್ತಾರೆ. ಆಟ ಬದಲಾಗಿರುವುದು ಆವರೇಜ್‌ನಲ್ಲಿ ಮಾತ್ರ ಅಲ್ಲ.

ನಿಮ್ಮ ಕೊನೆಯ ಪ್ರಶ್ನೆ, ಬದುಕೋಕೆ ಆಗುತ್ತಾ ಅಂತ. ಮೇಲಿನವರಿಗೆ ಆಗುತ್ತದೆ, ರಾಜನ ಹಾಗೆ. ಲಿಟ್ಲರ್ 2025ರಲ್ಲಿ 17ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ 5,00,000 ಪೌಂಡ್ ಬಂತು. ಕ್ಲಾಸನ್ ಹೆಸರಿನಲ್ಲಿದ್ದ ಅತಿ ಕಿರಿಯ ಚಾಂಪಿಯನ್ ದಾಖಲೆಯೂ ಅಂದೇ ಹೋಯಿತು. 2026ರ ಚಾಂಪಿಯನ್‌ಗೆ ಬಹುಮಾನ 10 ಲಕ್ಷ ಪೌಂಡ್. ಅದನ್ನೂ ಅದೇ ಹುಡುಗ ಗೆದ್ದ. ಇದು ಸುದ್ದಿಯಲ್ಲಿ ಬರುವ ದುಡ್ಡು. ಬಾರದ ದುಡ್ಡಿನ ಕತೆ ಬೇರೆ. ವಾರದ ನಡುವೆ ಪ್ರೇಕ್ಷಕರಿಲ್ಲದ ಹಾಲ್‌ಗಳಲ್ಲಿ ನಡೆಯುವ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ಗಳೇ ಹೆಚ್ಚಿನವರ ಹೊಟ್ಟೆಪಾಡು. ಅಲ್ಲಿ ಮೊದಲ ಪಂದ್ಯ ಸೋತವರಿಗೆ ಬಹುಕಾಲ ಏನೂ ಸಿಗುತ್ತಿರಲಿಲ್ಲ. ವಿಮಾನ, ಹೋಟೆಲ್, ಊಟ ಎಲ್ಲ ಕೈಯಿಂದಲೇ. ಪಟ್ಟಿಯಲ್ಲಿ ನೂರರ ಆಸುಪಾಸಿನಲ್ಲಿ ಇರುವವರು ಸಂಬಳದ ಕೆಲಸ ಬಿಡಲು ಹಿಂದೆಮುಂದೆ ನೋಡುತ್ತಾರೆ. ಬಿಟ್ಟವರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ: ಪ್ರತಿ ಡಬಲ್ ಹಿಂದೆಯೂ ಮನೆ ಬಾಡಿಗೆ ನಿಂತಿರುತ್ತದೆ. ಕೈ ಕೆಡಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಭಾರತದಿಂದ ಹೋಗುವವರಿಗೆ ದಾರಿ ಇನ್ನೂ ಉದ್ದ. ನಮ್ಮಲ್ಲಿ ಅಂಥ ವಾರವಾರದ ಟೂರ್ ಇಲ್ಲ. ಇಲ್ಲಿನ ಅರ್ಹತಾ ಟೂರ್ನಿ ಗೆದ್ದರೆ ವಿಶ್ವ ಚಾಂಪಿಯನ್‌ಷಿಪ್‌ಗೆ ಒಂದು ಜಾಗ ಸಿಗುತ್ತದೆ. 2019ರ ಆವೃತ್ತಿಯಲ್ಲಿ ನಿತಿನ್ ಕುಮಾರ್ ಹಾಗೆ ಹೋಗಿ ಮೊದಲ ಸುತ್ತಿನಲ್ಲಿ ಜೆಫ್ರಿ ಡಿ ಜ್ವಾನ್ ಎದುರು 3-0ಯಿಂದ ಸೋತರು. ಆ ವೇದಿಕೆಯಲ್ಲಿ ಒಂದು ಪಂದ್ಯ ಗೆಲ್ಲಲು ಅವರಿಗೆ 2026ರ ಆವೃತ್ತಿಯವರೆಗೆ ಕಾಯಬೇಕಾಯಿತು. ಡಚ್ ಆಟಗಾರ ರಿಚರ್ಡ್ ವೀನ್‌ಸ್ಟ್ರಾ ಅವರನ್ನು ಸೋಲಿಸಿ, ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಅನಿಸಿಕೊಂಡರು. ನಿಮಗೆ ಆಡುವ ಆಸೆ ಇದ್ದರೆ ಒಂದು ಬೋರ್ಡ್ ತಂದು 2.37 ಮೀಟರ್ ಸರಿಯಾಗಿ ಅಳೆದು ಗೆರೆ ಹಾಕಿ. ಟ್ರಿಬಲ್ 20 ಬಿಟ್ಟು ಮೊದಲು ಡಬಲ್ ಅಭ್ಯಾಸ ಮಾಡಿ. ಈಗಿರುವ ಕೆಲಸ ಮಾತ್ರ ಸದ್ಯಕ್ಕೆ ಬಿಡಬೇಡಿ.